ಕಡುಬಿಗೆ, ಟೈಲರಿಂಗ್ ಅಂಗಡಿಯಿಂದ

ಪ್ರೀತಿಯ ಕಡುಬು,

ಫೋನ್ ಮಾಡು ಅಂತ ಮೂರು ಸಲ ಮೆಸೇಜ್ ಹಾಕಿದ್ದೀಯ. ನಾನು ಮಾಡಲಿಲ್ಲ. ಫೋನಿನಲ್ಲಾದರೆ ನೀನು ನಗಿಸುತ್ತೀಯ, ನಾನು ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಪತ್ರ. ನಿನಗೆ ಬರೆದದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಯಾಕೆ ಹಾಕಿದೆ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಸಾಗರದಲ್ಲಿ ಮಳೆ ಹಿಡಿದು ಹನ್ನೆರಡು ದಿನವಾಯಿತು. ಬಟ್ಟೆಯನ್ನೆಲ್ಲ ಇಸ್ತ್ರಿ ಹಾಕಿಯೇ ಒಣಗಿಸುತ್ತಿದ್ದೇನೆ. ಆ ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಹೌದು, ಅದೇ. ಕೊಡುವುದಿಲ್ಲ.

ಹೋದ ಸೋಮವಾರ ಸಂಜೆ ಅಂಗಡಿಗೆ ಒಬ್ಬರು ಬಂದರು. ಹತ್ತಿರದ ಹಳ್ಳಿಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕೈಚೀಲದಲ್ಲಿ ನಾಲ್ಕು ಹಳೇ ಬ್ಲೌಸು. ಬೇರೆಯವರೆಲ್ಲ ಹೋಗುವ ತನಕ ಮೂಲೆಯ ಸ್ಟೂಲಿನ ಮೇಲೆ ಸುಮ್ನೆ ಕೂತಿದ್ದರು. ಆಮೇಲೆ ಹತ್ತಿರ ಬಂದು, "ಎಡಗಡೆ ಒಂಚೂರು ತುಂಬಿ ಹೊಲಿದು ಕೊಡ್ತೀರಾ?" ಅಂದರು.

ಅಷ್ಟು ಸಾಕಾಯಿತು. ಅಳತೆ ತೆಗೆಯಲು ನಿಂತೆ. ಎಡಗಡೆ ಟೇಪು ನೇರ ಪಕ್ಕೆಲುಬಿನ ಮೇಲೆಯೇ ಕೂತಿತು. ನನ್ನ ಕೈ ಅವರ ಬೆನ್ನ ಹಿಂದೆ ಇರುವಾಗಲೇ ಅವರು ಕೇಳಿದರು. "ನಿಮಗೂ ಆಗಿತ್ತಂತೆ, ಯಾರೋ ಹೇಳಿದ್ರು. ನೋಡಿದ್ರೆ ಗೊತ್ತೇ ಆಗಲ್ವಲ್ಲ. ಒಳಗೆ ಏನು ಇಟ್ಕೊಂಡಿದ್ದೀರಿ?"

"ಏನಿಲ್ಲ, ಸ್ಪಂಜು ಕಣ್ರೀ. ನಿಮಗೂ ಹಾಗೇ ಮಾಡಿಕೊಡ್ತೀನಿ" ಅಂದೆ.

ಅದು ಸುಳ್ಳು ಕಣೋ. ನಿನಗೂ ಇದೇ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ.

2019ರಲ್ಲಿ ನನಗೆ ಕ್ಯಾನ್ಸರ್ ಆಗಿದ್ದು, ಬಲಗಡೆಯದನ್ನು ತೆಗೆದಿದ್ದು, ಕೀಮೋ, ರೇಡಿಯೇಷನ್ ಎಲ್ಲ ನಿನಗೆ ಗೊತ್ತು. ಕೂದಲು ಉದುರಿದಾಗ ನೀನು ತಂದುಕೊಟ್ಟ ಆ ಟೋಪಿಯನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ. ಆದರೆ 2024ರಲ್ಲಿ ಬೆಂಗಳೂರಿಗೆ ಹೋಗಿ ಒಂದು ವಾರ ಆಸ್ಪತ್ರೆಯಲ್ಲಿದ್ದೆನಲ್ಲ, ಅದು ಹರ್ನಿಯಾ ಅಲ್ಲ. ಹೊಟ್ಟೆಯ ಚರ್ಮ ಮತ್ತು ಕೊಬ್ಬು ತೆಗೆದು ಎದೆ ಮಾಡಿಸಿಕೊಂಡೆ. ಅತ್ತೆಗೆ, ಅಣ್ಣನಿಗೆ, ನಿನಗೆ, ಎಲ್ಲರಿಗೂ ಹರ್ನಿಯಾ ಅಂದೆ. ಇವರಿಗೆ ಮತ್ತು ಮಗಳಿಗೆ ಮಾತ್ರ ನಿಜ ಗೊತ್ತಿತ್ತು.

ನೋಡು, ಎದೆ ಅಂತ ಬರೆದೆ. ಮೊಲೆ ಅನ್ನಬೇಕಿತ್ತು. ಸ್ತನ ಅಂದರೆ ಪೇಪರಿನವರ ಮಾತಾಯಿತು. ಆಸ್ಪತ್ರೆಯಲ್ಲಿ ಎಲ್ಲರೂ "ಆ ಕಡೆದು", "ಈ ಕಡೆದು" ಅಂತಲೇ ಹೇಳುತ್ತಿದ್ದರು.

ಐದು ವರ್ಷ ನಾನೂ ಚೀಲ ಹೊಲಿದುಕೊಂಡೇ ಇದ್ದೆ. ಮೊದಲು ಹತ್ತಿ ತುಂಬಿದೆ. ಭಾರ ಇಲ್ಲದ್ದು ಮೇಲಕ್ಕೆ ಏರಿಬಿಡುತ್ತದೆ, ಬಸ್ಸಿನಲ್ಲಿ ಕಂಬಿ ಹಿಡಿದರೆ ಸಾಕು. ಆಮೇಲೆ ಒಳಗೆ ರಾಗಿ ಹಾಕಿದೆ. ಭಾರ ಸರಿಹೋಯಿತು. ಮಳೆಗಾಲದಲ್ಲಿ ರಾಗಿ ಮುಗ್ಗಲು ಹಿಡಿಯಿತು. ನಾನು ಟೈಲರ್, ಸರಿ ಮಾಡಿಕೊಂಡೆ. ಆದರೆ ಸ್ನಾನದ ಮನೆಯ ಕನ್ನಡಿಗೆ ಟವೆಲ್ ಹೊದಿಸಿದವಳೂ ನಾನೇ. ಯಾರ ಹತ್ತಿರವಾದರೂ ಬೇಜಾರು ಹೇಳಿಕೊಂಡರೆ ಒಂದೇ ಮಾತು ಬರುತ್ತಿತ್ತು: "ಜೀವ ಉಳಿದಿದೆಯಲ್ಲ, ಇನ್ನೇನು ಬೇಕು?" ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಮಾತಿನ ಮೇಲೆ ಬಾಯಿ ತೆರೆಯುವುದು ಹೇಗೆ ಹೇಳು.

ಮೊದಲ ಆಪರೇಷನ್ ಮಾಡಿದ ಕಡೆ ಹೀಗೊಂದು ದಾರಿ ಇದೆ ಅಂತ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದು ಬೆಂಗಳೂರಿನಲ್ಲಿ ಚೆಕಪ್ ಕ್ಯೂನಲ್ಲಿ ಪಕ್ಕ ಕೂತಿದ್ದ ಹೆಂಗಸು. ಅವರ ಹೆಸರು ಕೂಡ ಕೇಳಲಿಲ್ಲ. ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. ತಿನ್ನುತ್ತಾ ತಮ್ಮ ಆಪರೇಷನ್ನಿನ ಕಥೆ ಪೂರ್ತಿ ಹೇಳಿದರು. ಆಮೇಲೆ ನನ್ನನ್ನು ಹೆಂಗಸರ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ತೋರಿಸಿಯೇಬಿಟ್ಟರು. ನಾನು ಅಲ್ಲೇ ಅತ್ತೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ನನಗೆ ತಿಳಿದ ಭಾಷೆಯಲ್ಲಿ. ಸೀರೆಯ ಕೊನೆಯಲ್ಲಿ ಬ್ಲೌಸ್ ಪೀಸ್ ಇರುತ್ತದಲ್ಲ, ಅದೇ ನೂಲು, ಅದೇ ಬಣ್ಣ. ಬೇರೆ ಬಟ್ಟೆ ತಂದು ಎಷ್ಟೇ ಮ್ಯಾಚಿಂಗ್ ಮಾಡಿದರೂ ನಾಲ್ಕು ಒಗೆತಕ್ಕೆ ಬೇರೆಯಾಗಿ ಕಾಣುತ್ತದೆ. ಸಿಲಿಕೋನ್ ಇಂಪ್ಲಾಂಟ್ ಒಳ್ಳೆಯದೇ, ಅದು ಹೊಂದುವವರಿಗೆ. ಆದರೆ ರೇಡಿಯೇಷನ್ ಆದ ಚರ್ಮ ಬಿಗಿದುಕೊಂಡಿರುತ್ತದೆ, ಅಲ್ಲಿ ಇಂಪ್ಲಾಂಟಿಗೆ ತೊಂದರೆ ಜಾಸ್ತಿ. ನನಗೆ ಮೈಯದೇ ಬಟ್ಟೆ ಬೇಕಿತ್ತು. ಹೊಟ್ಟೆಯಲ್ಲಿ ಸಾಲದಷ್ಟು ತೆಳ್ಳಗಿರುವವರಿಗೆ ಬೆನ್ನಿನಿಂದಲೋ ತೊಡೆಯಿಂದಲೋ ತೆಗೆಯುತ್ತಾರೆ.

ಹೊಕ್ಕಳಿನ ಕೆಳಗೆ, ಸೊಂಟದ ಈ ತುದಿಯಿಂದ ಆ ತುದಿಯವರೆಗೆ ದೋಣಿಯ ಹಾಗೆ ಗುರುತು ಹಾಕಿದರು. ನಿಲ್ಲಿಸಿಕೊಂಡೇ, ಮಾರ್ಕರಿನಲ್ಲಿ. ಅದಕ್ಕೆ ಮೊದಲು ಹೊಟ್ಟೆಯ ಸ್ಕ್ಯಾನ್ ಮಾಡಿ ಸಣ್ಣ ರಕ್ತನಾಳಗಳು ಎಲ್ಲೆಲ್ಲಿ ಸ್ನಾಯುವನ್ನು ತೂರಿ ಮೇಲೆ ಬರುತ್ತವೆ ಅಂತ ನೋಡಿಕೊಂಡಿದ್ದರು. ಆ ನಾಳಗಳೇ ಎಲ್ಲಕ್ಕೂ ಆಧಾರ. ಮೊದಲೆಲ್ಲ ಹೊಟ್ಟೆಯ ಸ್ನಾಯುವನ್ನೇ ಸೇರಿಸಿ ಎತ್ತುತ್ತಿದ್ದರಂತೆ. ಅಮೆರಿಕದ ಹಾರ್ಟ್ರಾಂಫ್ 1982ರಲ್ಲಿ ಬರೆದ ವಿಧಾನ ಅದು. ಎದೆ ಬರುತ್ತಿತ್ತು, ಹೊಟ್ಟೆ ಬಲ ಕಳೆದುಕೊಳ್ಳುತ್ತಿತ್ತು. 1989ರಲ್ಲಿ ಜಪಾನಿನ ಕೋಶಿಮಾ ಸ್ನಾಯುವನ್ನು ಅಲ್ಲೇ ಬಿಟ್ಟು ನಾಳವನ್ನು ಮಾತ್ರ ಬಿಡಿಸಿ ತರಬಹುದು ಅಂತ ತೋರಿಸಿದರು. 1992ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ರಾಬರ್ಟ್ ಅಲೆನ್ ಅದನ್ನೇ ಎದೆಗೆ ಬಳಸಿದರು. ಡೀಪ್ (DIEP) ಫ್ಲಾಪ್ ಅನ್ನುತ್ತಾರೆ. ನನ್ನದೂ ಅದೇ.

ಎಳೆ ಎಳೆಯಾಗಿ ಸ್ನಾಯು ಬಿಡಿಸಿ, ನಾಳವನ್ನು ಕತ್ತರಿಸಿ, ಆ ತುಂಡನ್ನು ಪೂರ್ತಿ ಹೊರಗೆ ತೆಗೆದು, ಎದೆಮೂಳೆಯ ಪಕ್ಕದ ನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ನಾಳದ ಅಗಲ ಎರಡು ಮೂರು ಮಿಲಿಮೀಟರ್. ದಾರ ಕೂದಲಿಗಿಂತ ಸಣ್ಣದು. ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡೇ ಹೊಲಿಗೆ. ನನ್ನದಕ್ಕೆ ಎಂಟು ಗಂಟೆ ಹಿಡಿಯಿತು. ಆಮೇಲೊಂದು ದಿನ ಡಾಕ್ಟರಿಗೆ ನಾನೂ ಹೊಲಿಗೆಯವಳು ಅಂದೆ. ಅವರು ನಕ್ಕು, ಹಾಗಾದರೆ ನಿಮಗೆ ತಪ್ಪು ಗೊತ್ತಾಗಿಬಿಡುತ್ತದೆ ಅಂದರು. ತಪ್ಪು ಸಿಗಲಿಲ್ಲ ಕಣೋ. ಅಂಥ ಹೊಲಿಗೆ ನಾನು ನೋಡಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ನಿನ್ನದೇ ನೆನಪು. ಫೈನಲ್ ಇಯರ್ ಟೂರಿನಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಿಂತು ಹೇಳಿದ್ದೆಯಲ್ಲ, ಇಂಗ್ಲಿಷರ ಸೇನೆಯ ಎತ್ತಿನ ಗಾಡಿಯವನು ಕೋವಾಸ್ಜಿಯ ಕಥೆ. 1792ರ ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡವನು. ವರ್ಷದ ಮೇಲೆ ಪುಣೆಯ ಕಡೆ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ್ದು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಪತ್ರವಾಗಿ ಬಂದಿತ್ತು ಅಂತ ನೀನು ಒತ್ತಿ ಒತ್ತಿ ಹೇಳಿದ್ದೆ. ನಾವೆಲ್ಲ ಐಸ್‌ಕ್ಯಾಂಡಿ ಚೀಪುತ್ತಾ ಕೇಳಿದ್ದೆವು. ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸಲಿಲ್ಲ, ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿಕೊಂಡು ತಿರುಗಿಸಿದರು, ರಕ್ತ ಅಲ್ಲಿಂದಲೇ ಹರಿಯಬೇಕಿತ್ತು. ನನ್ನದರಲ್ಲಿ ಪಟ್ಟಿ ಇಲ್ಲ, ಕತ್ತರಿಸಿ ಮತ್ತೆ ಸೇರಿಸಿದ್ದು. ಸ್ಟ್ರೆಚರಿನಲ್ಲಿ ಮಲಗಿ ಆ ಗಾಡಿಯವನ ಬಗ್ಗೆ ಯೋಚಿಸಿದೆ. ಅರಿವಳಿಕೆ ಇಲ್ಲದ ಕಾಲ. ಅವನಿಗೂ ಯಾರೋ ಜೀವ ಉಳಿದಿದೆಯಲ್ಲ ಅಂದಿರಬೇಕು.

ಮೊದಲ ರಾತ್ರಿ ಗಂಟೆಗೊಮ್ಮೆ ನರ್ಸ್ ಬಂದು ಬಣ್ಣ ನೋಡುತ್ತಿದ್ದಳು, ಬಿಸಿ ಇದೆಯಾ ಅಂತ ಮುಟ್ಟುತ್ತಿದ್ದಳು, ಪೆನ್ನಿನಂಥದ್ದೊಂದನ್ನು ಒತ್ತಿ ಕೇಳಿಸಿಕೊಳ್ಳುತ್ತಿದ್ದಳು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಬೇಗ ಗೊತ್ತಾಗಬೇಕು, ತಕ್ಷಣ ಮತ್ತೆ ತೆರೆದರೆ ಉಳಿಸಿಕೊಳ್ಳಬಹುದು. ಶೂ, ಶೂ ಅಂತ ಸದ್ದು. ಕತ್ತಲಲ್ಲಿ ಅದನ್ನು ಕೇಳುತ್ತಾ ಮಲಗಿದ್ದೆ. ಮಗಳು ಹೊಟ್ಟೆಯಲ್ಲಿದ್ದಾಗ ಡಾಕ್ಟರು ಕೇಳಿಸಿದ ಸದ್ದಿನ ಹಾಗೇ ಇತ್ತು. ಹತ್ತು ದಿನ ಬಗ್ಗಿಯೇ ನಡೆದೆ, ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ಆಮೇಲೆ ಕನ್ನಡಿಯ ಟವೆಲ್ ತೆಗೆದು ನೋಡಿದೆ. ಬಸಿರಿನಲ್ಲಿ ಹೊಟ್ಟೆಯ ಮೇಲೆ ಬಿದ್ದಿದ್ದ ಗೆರೆಗಳು ಈಗ ಎದೆಯ ಮೇಲಿದ್ದವು. ಮಗಳನ್ನು ಕರೆದು ತೋರಿಸಿದೆ. "ಇದು ನನ್ನ ಸೈನು" ಅಂದಳು.

ಆರು ತಿಂಗಳ ಮೇಲೆ ತೊಡೆಯ ಕೊಬ್ಬು ಸ್ವಲ್ಪ ತೆಗೆದು ತಗ್ಗಾಗಿದ್ದ ಕಡೆ ಸೂಜಿಯಲ್ಲಿ ತುಂಬಿದರು. ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಕಾಯಿಲೆ ಇಲ್ಲದವರೂ ಗಾತ್ರ ಹೆಚ್ಚಿಸಿಕೊಳ್ಳಲು ಇದನ್ನು ಮಾಡಿಸುತ್ತಾರೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 1987ರಲ್ಲಿ ಇದು ಬೇಡ ಅಂದಿತ್ತು, ಮ್ಯಾಮೋಗ್ರಾಂನಲ್ಲಿ, ಅಂದರೆ ಕ್ಯಾನ್ಸರ್ ಹುಡುಕಲು ತೆಗೆಯುವ ಮೊಲೆಯ ಎಕ್ಸ್‌ರೇನಲ್ಲಿ, ಗೊಂದಲವಾಗುತ್ತದೆ ಅಂತ. 2009ರಲ್ಲಿ ನಿಲುವು ಸಡಿಲಿಸಿತು. ಹಾಗೆ ಮಾಡಿಸಿಕೊಳ್ಳುವವರನ್ನು ಮೊದಲು ನಾನು ಆಡಿಕೊಳ್ಳುತ್ತಿದ್ದೆ. ಈಗ ಆಡಿಕೊಳ್ಳುವುದಿಲ್ಲ. ಅವರವರ ಕನ್ನಡಿ ಅವರವರದು.

ಈಗ ಸೋಮವಾರಕ್ಕೆ ಬರುತ್ತೇನೆ. ಆ ಹೆಂಗಸಿಗೆ ಯಾಕೆ ಸುಳ್ಳು ಹೇಳಿದೆ? ನಾಚಿಕೆ ಅಂತ ಮೊದಲು ಅಂದುಕೊಂಡೆ. ನಾಚಿಕೆ ಅಲ್ಲ. ನೋಡಿದ್ರೆ ಗೊತ್ತೇ ಆಗಲ್ಲ ಅಂದರಲ್ಲ, ಆ ಮಾತು ನನಗೆ ಸಿಹಿಯಾಯಿತು. ಇನ್ನಷ್ಟು ಹೊತ್ತು ಬೇಕು ಅನ್ನಿಸಿತು. ಆ ಸಿಹಿಗೋಸ್ಕರ ಅವರಿಗೆ ಸಿಗಬೇಕಾದ ಮಾತನ್ನು ನುಂಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 2010ರಲ್ಲಿ ಇದಕ್ಕೇ ಒಂದು ಕಾನೂನು ತಂದರು. ಎದೆ ತೆಗೆಯುವ ಮೊದಲೇ, ಮತ್ತೆ ಕಟ್ಟಿಸಿಕೊಳ್ಳಬಹುದು ಅಂತ ಆಸ್ಪತ್ರೆಯವರು ಹೇಳಲೇಬೇಕು. ಅದನ್ನು ಓದಿ, ನನಗೆ ಯಾರೂ ಹೇಳಲಿಲ್ಲವಲ್ಲ ಅಂತ ಎಷ್ಟು ಸಿಟ್ಟು ಮಾಡಿಕೊಂಡಿದ್ದೆ! ಟೇಪು ಹಿಡಿದು ನಿಂತಾಗ ನಾನೂ ಹೇಳಲಿಲ್ಲ.

ಇನ್ನೊಂದು ವಿಷಯ ಇದೆ. ಅವರಿಗೆ ಹೇಳುವುದಾದರೆ ಇದನ್ನೂ ಹೇಳಬೇಕು, ಅದಕ್ಕೂ ಹೆದರಿದೆ. ಅಲ್ಲಿ ನನಗೆ ಸ್ಪರ್ಶ ಗೊತ್ತಾಗುವುದಿಲ್ಲ. ಮೊನ್ನೆ ಚಳಿಗೆ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಬೊಕ್ಕೆ ಎದ್ದಿದೆ. ಬಿಸಿ ಇಡಬೇಡಿ ಅಂತ ಡಾಕ್ಟರು ಎಚ್ಚರಿಸಿದ್ದರು, ನಾನೇ ಮರೆತೆ. ಗಾಯ ಮಾಗುತ್ತಿದೆ. ಆದರೆ ಇವರು ಮುಟ್ಟಿದಾಗಲೂ ಹಾಗೇ. ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಅನ್ನುವ ಹಾಗೆ ಇರುತ್ತೇನೆ. ಇಷ್ಟು ದಿನವೂ ಹಾಗೇ ಇದ್ದೆ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾದ ಮೇಲೆ ಇವರಿಗೆ ಓದಿ ಹೇಳಿದೆ. ಹಾಕಲಾ ಬೇಡವಾ ಅಂತ ಕೇಳಬೇಕಿತ್ತಲ್ಲ. ಇವರು ಸ್ವಲ್ಪ ಹೊತ್ತು ಮಳೆ ನೋಡಿದರು. "ನನಗೆ ಗೊತ್ತಿತ್ತು" ಅಂದರು. ಆಮೇಲೆ ನನ್ನ ಎಡಗೈ ತಗೊಂಡು, ಹಾಕು ಅಂದರು.

ಆ ನಾಲ್ಕು ಬ್ಲೌಸು ಇನ್ನೂ ಹ್ಯಾಂಗರಿನಲ್ಲಿವೆ. ಗುರುವಾರ ತಗೊಂಡು ಹೋಗಲು ಬರುತ್ತಾರೆ. ಚೀಲ ಚೆನ್ನಾಗಿಯೇ ಹೊಲಿದಿದ್ದೇನೆ, ಅದು ಹೇಗೂ ಬೇಕು. ಅಂಗಡಿ ಬಾಗಿಲು ಅರ್ಧ ಎಳೆದು, ಒಳಗೆ ಕೂರಿಸಿಕೊಂಡು ಮಾತಾಡುತ್ತೇನೆ. ಚಕ್ಕುಲಿ ಕರಿದಿಟ್ಟಿದ್ದೇನೆ.

ನಿನ್ನ ಪ್ಯಾಂಟಿನ ಸೊಂಟ ಬಿಚ್ಚಿಟ್ಟಿದ್ದೇನೆ ಕಣೋ, ಇನ್ನು ಒಂದಿಂಚು ಮಾತ್ರ ಬಟ್ಟೆ ಉಳಿದಿದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಹನ್ನೊಂದನೇ ಬೆಂಚಿನವರನ್ನು ಕೇಳು. ದಸರಾ ರಜೆಗೆ ಬಾ. ಛತ್ರಿ ಕೇಳಬೇಡ.

ನಿನ್ನ,
ದಾರದುಂಡೆ