ಮಗಳಿಗೊಂದು ಪತ್ರ: ಆರು ರೆಕ್ಕೆಗಳ ಲೆಕ್ಕ

ಪುಟ್ಟಿ,

ಮೊನ್ನೆ ಫೋನ್ ಇಟ್ಟ ಮೇಲೆ ಎರಡು ದಿನ ನಾನು ಯಾರ ಹತ್ತಿರವೂ ಜಾಸ್ತಿ ಮಾತಾಡಲಿಲ್ಲ. ಸಿಟ್ಟು ಅಂದ್ಕೊಂಡಿರ್ತೀಯ. ಸಿಟ್ಟಲ್ಲ ಕಣೇ, ನಾಚಿಕೆ. "ಸಭೆಯ ಕೆಲಸ ಎಲ್ಲಾ ಬಿಡ್ತೀನಿ ಅಮ್ಮ, ಪ್ರಾರ್ಥನೆಗೆ ಕೂತರೆ ಏನೂ ಕಾಣಲ್ಲ, ಎದುರಿಗೆ ಗೋಡೆ ಅಷ್ಟೇ" ಅಂದೆ ನೀನು. ನಾನು ಕೇಳಿಸಿಕೊಳ್ಳೋದು ಬಿಟ್ಟು ಬೈಬಲಿನ ಪ್ರವಾದಿ ಯೆಶಾಯನ ದರ್ಶನ, ಶಿಷ್ಯ ಯೋಹಾನನ ದರ್ಶನ ಅಂತ ಶುರು ಮಾಡಿದೆ. ಆಗ ಕೇಳಿದೆಯಲ್ಲ, "ನಿನಗೆ ಆಗಿದೆಯಾ ಅಮ್ಮ, ದರ್ಶನ? ಒಂದಾದರೂ?" ಅಂತ. ನಾನು ದನಿ ಏರಿಸಿದೆ.

ಇಲ್ಲ ಪುಟ್ಟಿ, ಆಗಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದೇನೆ, ಒಂದು ಕಿಡಿಯನ್ನೂ ಕಂಡವಳಲ್ಲ. ಅದನ್ನು ಫೋನಲ್ಲೇ ಹೇಳಿದ್ದರೆ ಆಗುತ್ತಿತ್ತು.

ಅಪ್ಪನ ಕಾಯಿಲೆಯ ವರ್ಷ, ಆಮೇಲಿನದು, ಅದೆಲ್ಲ ಇಬ್ಬರಿಗೂ ಗೊತ್ತು, ಬಿಡು. ನನ್ನ ತಲೆಯಲ್ಲಿ ಸುತ್ತುತ್ತಿರೋದು ನಿನ್ನ ಏಳನೇ ವಯಸ್ಸಿನ ಆ ಬಾಯಿಪಾಠದ ಸ್ಪರ್ಧೆ. ಯೆಶಾಯ 6ನೇ ಅಧ್ಯಾಯ, ಮೊದಲ 8 ವಚನ. ಎರಡನೇ ವಚನದಲ್ಲಿ ದೇವರ ಸಿಂಹಾಸನದ ಹತ್ತಿರ ನಿಲ್ಲುವ ಸೆರಾಫಿಯರು ಅನ್ನೋ ದೂತರು ಬರುತ್ತಾರೆ, ಒಬ್ಬೊಬ್ಬರಿಗೆ ಆರಾರು ರೆಕ್ಕೆ. "ಎರಡರಿಂದ ಮುಖ ಮುಚ್ಚಿಕೊಂಡು" ಅಂತ ಹೇಳುವಾಗ ನೀನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ, ನಾನೇ ಹೇಳಿಕೊಟ್ಟ ಅಭಿನಯ ಅದು. ಆಮೇಲೆ ಕೈ ಕೆಳಗೆ ಇಳಿಯಲೇ ಇಲ್ಲ. "ಎರಡರಿಂದ ಕಾಲು ಮುಚ್ಚಿಕೊಂಡು" ಅನ್ನೋ ಮುಂದಿನ ಸಾಲು ಮರೆತುಹೋಗಿತ್ತು. ಎಷ್ಟು ಚೆನ್ನಾಗಿ ಮಾಡ್ತಿದೆ ಮಗು ಅಂತ ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಲ್ಲಿ ಕೂತಿದ್ದ ನನಗೆ ಮಾತ್ರ ಕಂಡಿತು, ಬೆರಳ ಸಂದಿಯಿಂದ ಹೊರಟ ನೀರು ಮಣಿಕಟ್ಟಿಗೆ ಬಂದು, ಅಲ್ಲಿಂದ ತೋಳಿನ ಒಳಗೆ ಹೋಗಿದ್ದು. ಎದ್ದು ಬಂದು ಎತ್ತಿಕೊಳ್ಳಬಹುದಿತ್ತು. ಕೂತಲ್ಲೇ ಬಾಯಿ ಆಡಿಸಿ "ಕಾಲು, ಕಾಲು" ಅಂತ ಸನ್ನೆ ಮಾಡುತ್ತಾ ಇದ್ದೆ. ಮುಖ ಮುಚ್ಚಿಕೊಂಡವಳಿಗೆ ಸನ್ನೆ!

ದಾರಿಯುದ್ದಕ್ಕೂ "ಒಂದು ಸಾಲು ಕಣೇ, ಒಂದೇ ಒಂದು ಸಾಲು" ಅಂತ ಬೈದೆ. ರಾತ್ರಿ ಮಲಗಿದಲ್ಲಿಂದ ನೀನು ಕೇಳಿದೆ, "ದೇವರ ಪಕ್ಕದಲ್ಲೇ ನಿಂತುಕೊಂಡು ಅವರು ಯಾಕೆ ಮುಖ ಮುಚ್ಕೋತಾರೆ ಅಮ್ಮ? ಅವರಿಗೆ ಕಾಣಲ್ವಾ?" ನಾನು "ಸುಮ್ನೆ ಮಲಗು" ಅಂದೆ. ಎಷ್ಟು ಒಳ್ಳೆ ಪ್ರಶ್ನೆ ಅದು! ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಕೇಳಿದ್ದು ಅಂತ ಈಗ ಹೆಮ್ಮೆ ಪಡುತ್ತಿದ್ದೇನೆ, ಪ್ರಯೋಜನ ಏನು.

ಈ ಎರಡು ದಿನ ಆ ಅಧ್ಯಾಯವನ್ನೇ ಓದಿದೆ. 52 ವರ್ಷ ಆಳಿದ ಉಜ್ಜೀಯ ಸತ್ತ ವರ್ಷ ಅದು. ಧೂಪ ಹಾಕೋಕೆ ತಾನೇ ದೇವಾಲಯಕ್ಕೆ ನುಗ್ಗಿ, ಹಣೆಯಲ್ಲಿ ಕುಷ್ಠ ಎದ್ದು ಹೊರಗೆ ಬಿದ್ದ ರಾಜ. ಯೆಶಾಯ ನುಗ್ಗಲಿಲ್ಲ. "ಅಯ್ಯೋ, ನಾನು ನಾಶವಾದೆ" ಅಂದ. ಯಜ್ಞವೇದಿಯ ಕೆಂಡವೇ ಅವನ ತುಟಿಯ ಹತ್ತಿರ ಬಂತು. ಇನ್ನು ರೆಕ್ಕೆಯ ಲೆಕ್ಕ ನೋಡು. ಆರರಲ್ಲಿ ನಾಲ್ಕು ಮುಚ್ಚಿಕೊಳ್ಳೋಕೆ, ಹಾರೋಕೆ ಎರಡೇ. ಸಿಂಹಾಸನಕ್ಕೆ ಅಷ್ಟು ಹತ್ತಿರ ಇದ್ದವರೇ ಕಣ್ಣು ಮುಚ್ಚಿಕೊಂಡಿದ್ದಾರೆ, ಹಾಗಿದ್ದೂ ಹಾಡು ನಿಲ್ಲಿಸಿಲ್ಲ. ನಿನಗೆ ಕಾಣದಿದ್ದರೆ ನೀನು ದೂರ ಆಗಿಬಿಟ್ಟೆ ಅಂತ ಯಾರು ಹೇಳಿದ್ದು? ನಾನೇ ಹೇಳಿರಬೇಕು, ಬೇರೆ ಮಾತಲ್ಲಿ.

ಬೆಟ್ಟದ ಮೇಲೆ ಯೇಸುಸ್ವಾಮಿಯ ಮುಖ ಹೊಳೆದಾಗಲೂ ಅಷ್ಟೇ. 12 ಜನರಲ್ಲಿ ಕಂಡವರು ಮೂವರು, ಪೇತ್ರ, ಯಾಕೋಬ, ಯೋಹಾನ. ಅವರೂ ನಿದ್ದೆಗಣ್ಣಲ್ಲಿದ್ದರು ಅಂತ ಲೂಕ ಬರೆಯುತ್ತಾನೆ. ಉಳಿದ 9 ಜನ ಕೆಳಗೆ, ಒಬ್ಬ ಹುಡುಗನ ದೆವ್ವ ಬಿಡಿಸಲಾಗದೆ, ಜನರ ಎದುರು ಮಾನ ಹೋಗಿ ನಿಂತಿದ್ದರು. ಅವರೂ ಶಿಷ್ಯರೇ ಪುಟ್ಟಿ. ಬೆಟ್ಟಕ್ಕೆ ಕರೆಯಲಿಲ್ಲ ಅಂತ ಯಾರ ಹೆಸರನ್ನೂ ಸ್ವಾಮಿ ಹೊಡೆದು ಹಾಕಲಿಲ್ಲ, ಅವರು ಇದ್ದಲ್ಲಿಗೇ ಇಳಿದು ಬಂದ. ಪೇತ್ರನ ಎರಡನೇ ಪತ್ರದಲ್ಲಿ, ನಾವು ಆ ಮಹಿಮೆಯನ್ನು ಕಣ್ಣಾರೆ ಕಂಡವರು, ಪ್ರವಾದಿಗಳ ಮಾತನ್ನು ಕತ್ತಲಲ್ಲಿ ಉರಿಯುವ ದೀಪದ ಹಾಗೆ ನೋಡುತ್ತಿರಿ, ಬೆಳಗಾಗುವವರೆಗೆ ಅಂತ ಬರುತ್ತದೆ. ಕಾಣದವರಿಗೇ ಬರೆದದ್ದು ಅದು. ನನ್ನ ಹತ್ತಿರ ಇರೋದೂ ಅವರ ದೀಪವೇ, ಸಾಲ ತಂದದ್ದು. ಅಪ್ಪ ಹೋದ ರಾತ್ರಿ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ ಮೊದಲ ಅಧ್ಯಾಯ ಓದಿಕೊಂಡೇ ಬೆಳಗು ಮಾಡಿದೆ. ಪತ್ಮೊಸ್ ದ್ವೀಪದಲ್ಲಿ ಯೋಹಾನ ಸತ್ತವನ ಹಾಗೆ ಬೀಳುತ್ತಾನೆ, ಏಳು ನಕ್ಷತ್ರ ಹಿಡಿದಿದ್ದ ಯೇಸುಸ್ವಾಮಿಯ ಅದೇ ಬಲಗೈ ಬಂದು ಅವನ ಮೇಲೆ ಕೂರುತ್ತದೆ, "ಭಯಪಡಬೇಡ." ಆ ಕೈಯ ಭಾರ ನನಗೇನೂ ಗೊತ್ತಾಗಲಿಲ್ಲ. ಆದರೂ ಬೆಳಿಗ್ಗೆ ಎದ್ದೆ.

ನೀನು ಸರಿಯಾಗಿ ನಿದ್ದೆ ಮಾಡಬೇಕು. ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಪ್ರಸಂಗ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟ, ಮಲಗೋಕೆ ಬಿಟ್ಟು ಮತ್ತೆ ಎಬ್ಬಿಸಿ ಕೊಟ್ಟ. ಹೋರೇಬ್ ಬೆಟ್ಟದಲ್ಲಿ ಅವನು ಕೇಳಿದ ದೇವರ ಮೆಲ್ಲಗಿನ ದನಿ ಅದಾದ ಮೇಲಿನ ಮಾತು. ಪ್ರವಾದಿ ಯೆಹೆಜ್ಕೇಲ ಕೂಡ ಅಷ್ಟು ದೊಡ್ಡ ದರ್ಶನ ಕಂಡು, ಬಾಬೆಲಿಗೆ ಸೆರೆ ಹೋದವರ ನಡುವೆ ಏಳು ದಿನ ದಂಗಾಗಿ ಕೂತಿದ್ದ. ನೀನೂ ಒಂದಷ್ಟು ದಿನ ಕೂತ್ಕೋ. ಕೆಲಸ ಬಿಡೋದಾದರೆ ಬಿಡು, ಪ್ರಾರ್ಥನೆ ಮಾತ್ರ ಬಿಡಬೇಡ, ಬೆಳಿಗ್ಗೆ ಐದು ನಿಮಿಷವಾದರೂ, ಮೊಬೈಲ್ ಮುಟ್ಟೋ ಮೊದಲು, ಮತ್ತೆ ಆ ಕೀರ್ತನೆ... ನೋಡು, ಶುರುವಾಯಿತು ನನ್ನದು. ಹೊಡೆದು ಹಾಕೋಣ ಅಂದ್ಕೊಂಡೆ, ಇರಲಿ, ಅಮ್ಮ ಹೀಗೇ ಅಂತ ನಿನಗೆ ಗೊತ್ತಲ್ಲ.

ನನಗೆ ಹೆದರಿಕೆ ಇದೆ, ಸುಳ್ಳು ಯಾಕೆ ಹೇಳಲಿ. ನೀನು ಇವತ್ತೂ ಎಲ್ಲೋ ಒಂದು ಕಡೆ ಹಾಗೇ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದೀಯ, ಸುತ್ತ ಇರೋರು ಚಪ್ಪಾಳೆ ತಟ್ಟುತ್ತಿದ್ದಾರೆ, ನಾನು ದೂರದಲ್ಲಿ ಕೂತು ಮುಂದಿನ ಸಾಲು ಹೇಳುತ್ತಿದ್ದೇನೆ ಅನಿಸುತ್ತದೆ.

ಭಾನುವಾರ ಸಂಜೆ ಫೋನ್ ಮಾಡ್ತೀನಿ. ವಚನ ಹೇಳಲ್ಲ. ಎತ್ತು.

ಅಮ್ಮ