ನಮ್ಮಕ್ಕನಿಗೆ, ಆಮೇಲೆ ಉಳಿದ ಎಲ್ಲರಿಗೂ

ನನ್ನ ಡಿಪ್ಲೊಮಾ ಪರೀಕ್ಷೆಯ ರಿಸಲ್ಟ್ ಬಂದು ವಾರದ ಮೇಲಾಯಿತು. ಪಾಸಾಗಿದ್ದೇನೆ. ಫೋನ್ ಮಾಡಿದವರಿಗೆಲ್ಲ "ಹೂಂ, ಆಯ್ತು ನೋಡ್ರಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ದೆ. ಜಾಸ್ತಿ ಮಾತಾಡಿದರೆ ಗಂಟಲು ಕಟ್ಟುತ್ತಿತ್ತು. ಇವತ್ತು ಭಾನುವಾರ, ಮಗ ಊಟ ಮಾಡಿ ಮಲಗಿದ್ದಾನೆ, ಸಿಕ್ಕ ಹೊತ್ತಿನಲ್ಲಿ ಬರೆದು ಬಿಡುತ್ತೇನೆ.

ಕಳೆದ ವರ್ಷ ನಮ್ಮ ಮನೆಯಲ್ಲಿ ಏನಾಯಿತು ಅನ್ನೋದು ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಕೆದಕುವುದು ಬೇಡ. ಮಗ ಈಗ ಆರಾಮಿದ್ದಾನೆ. ಎಷ್ಟು ಆರಾಮು ಅಂದ್ರೆ ನನ್ನ ಹಾಲ್ ಟಿಕೆಟ್ ಹಿಂದೆ ಟ್ರ್ಯಾಕ್ಟರ್ ಬರೆದಿದ್ದಾನೆ. ಮಕ್ಕಳು ಗೀಚುವುದಕ್ಕೂ ಹಂತಗಳಿವೆ ಅಂತ ಓದಿ ಪಾಸಾದವಳು ನಾನು, ಈಗ ಬೈಯೋ ಹಾಗೂ ಇಲ್ಲ.

ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಮಾಡ್ತಿದೀನಿ ಅಂದಾಗ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ: "ಅ ಆ ಇ ಈ ಹೇಳಿಕೊಡೋಕೆ ಪರೀಕ್ಷೆ ಯಾಕ್ರೀ?" ಕೂಸಿನ ತೋಳಿಗೆ ಪಟ್ಟಿ ಸುತ್ತಿ ಅಳೆದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಏನರ್ಥ, ಯಾರಿಗೆ ತಿಳಿಸಬೇಕು ಅನ್ನೋದೂ ಈ ಓದಿನಲ್ಲೇ ಬರುತ್ತದೆ ಸ್ವಾಮಿ. 2020ರ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ ಅಂತ ಹೇಳಿದೆ. ಆದರೂ ನರ್ಸರಿ ಟೀಚರ್ ಅಂದ್ರೆ ಮಕ್ಕಳ ಮೂಗು ಒರೆಸುವವಳು ಅಂತಲೇ ಲೆಕ್ಕ. ಒರೆಸ್ತೀವಿ, ಅದರಲ್ಲೇನು?

ಇರಲಿ, ಥ್ಯಾಂಕ್ಸ್ ಹೇಳೋಕೆ ಬಂದವಳು ಜಗಳಕ್ಕೆ ನಿಂತೆ. ಇಂಗ್ಲಿಷ್ ಪುಸ್ತಕಗಳನ್ನು ಜೊತೆಗೆ ಕೂತು ಕನ್ನಡದಲ್ಲಿ ನೋಟ್ಸ್ ಮಾಡಿಸಿದ ಗಂಗಾವತಿಯ ಗೆಳತಿಗೆ, ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಅಂತ ಬರೆದ ಪಿಯಾಜೆ, ವೈಗಾಟ್‌ಸ್ಕಿ ಇಬ್ಬರೂ 1896ರಲ್ಲೇ ಹುಟ್ಟಿದವರು, ಒಂದು ಇಸವಿ ನೆನಪಿಟ್ಟರೆ ಇಬ್ಬರ ಕಥೆ ಮುಗೀತು ಅಂತ ದಾರಿ ತೋರಿಸಿದ್ದಕ್ಕೆ. ಈಗಿನ ಶಾಲೆಯ ಹೆಡ್ ಮೇಡಂಗೆ. ಹಾಲಿನ ಲೆಕ್ಕ ಎರಡು ತಿಂಗಳು ಕೇಳದೇ ಇದ್ದ ಅಂಗಡಿಯ ಅಣ್ಣನಿಗೆ. ನಮ್ಮ ಯಜಮಾನರಿಗೆ, ಎಲ್ಲರಿಗೂ ಕೈ ಮುಗಿದೆ. ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯವರು ಪರೀಕ್ಷೆಗೆ ರಜೆ ಕೊಡೋಕಾಗಲ್ಲ ಅಂದರು. ಅವರಿಗೂ ಥ್ಯಾಂಕ್ಸ್. ಅಲ್ಲಿ ಬಿಟ್ಟ ಮೇಲೇ ಓದೋಕೆ ಟೈಮ್ ಸಿಕ್ಕಿದ್ದು.

ಇನ್ನು ನಮ್ಮಕ್ಕ.

ಅಕ್ಕ ಅಂದ್ರೆ ಒಡಹುಟ್ಟಿದವಳಲ್ಲ, ನನ್ನ ನೆಗೆಣ್ಣಿ, ಭಾವನ ಹೆಂಡತಿ. ನೆಗೆಣ್ಣಿಯರ ಬಗ್ಗೆ ನಮ್ಮ ಕಡೆ ಏನೇನು ಗಾದೆ ಇವೆ ಅಂತ ಗೊತ್ತಲ್ಲ, ಅವನ್ನೆಲ್ಲ ಈ ಮನೆಗೆ ಬಂದಾಗ ನಾನೂ ನಂಬಿದ್ದೆ. ಕೊಪ್ಪಳದಿಂದ ಕಿನ್ನಾಳದ ಕಡೆ ಹೋಗುವ ದಾರಿಯಲ್ಲಿ ಅವಳ ಊರು. ಅಲ್ಲಿ ಅಂಗನವಾಡಿ ಸಹಾಯಕಿ. ಕಸ ಹೊಡೆಯೋದು, ಅಡುಗೆ, ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರೋದು, ಒದ್ದೆ ಮಾಡಿಕೊಂಡವರ ಚಡ್ಡಿ ಬದಲಿಸೋದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದುವಾಗ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ.

ಪರೀಕ್ಷೆಯ ಹಿಂದಿನ ರಾತ್ರಿ ನಾವು ಆಸ್ಪತ್ರೆಯಲ್ಲಿದ್ದೆವು. ಯಜಮಾನರು ಬೆಂಗಳೂರಿನಿಂದ ಬಸ್ ಹತ್ತಿದ್ದರು, ಬೆಳಿಗ್ಗೆ ಬಂದು ಮುಟ್ಟುವವರು. ಪರೀಕ್ಷೆ ಬಳ್ಳಾರಿಯಲ್ಲಿ. ನಸುಕಿನ ಬಸ್ ಹಿಡಿದು ಹೊಸಪೇಟೆ ಮೇಲೆ ಹೋಗಬೇಕು, ನೂರು ಕಿಲೋಮೀಟರ್ ಹತ್ತಿರ ದಾರಿ. ನಾನು ಹೋಗಲ್ಲ ಅಂತ ತೀರ್ಮಾನ ಮಾಡಿದ್ದೆ. ನನ್ನ ಮಗನ ಕೈಗೆ ಸೂಜಿ ಚುಚ್ಚಿಟ್ಟಿದ್ದಾರೆ, ನಾನು ಊರವರ ಮಕ್ಕಳ ಬೆಳವಣಿಗೆ ಬಗ್ಗೆ ಬರೆಯಲು ಬಳ್ಳಾರಿಗೆ ಹೋಗಬೇಕಾ? ಸಿಟ್ಟಿಗೆ ನೋಟ್ಸ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದ್ದೆ. ಅಕ್ಕ ಬಂದವಳು ಬುತ್ತಿ ಬಿಚ್ಚಿಟ್ಟಳು, ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ನಾನು ಮುಟ್ಟಲಿಲ್ಲ. ಅವಳು ಬ್ಯಾಗನ್ನು ಹೊರಗೆಳೆದು, ಒಂದು ನೋಟ್‌ಬುಕ್ ತೆಗೆದು, ವರಾಂಡದ ಟ್ಯೂಬ್‌ಲೈಟ್ ಕೆಳಗೆ ಚಾಪೆ ಹಾಸಿ ಕೂತಳು. ಬಾಗಿಲಿನಿಂದ ಮಗನ ಮಂಚ ಕಾಣುವ ಹಾಗೆ.

"ಪಿ... ಯಾ... ಜೆ. ಇಂವ ಯಾರಬೇ?"

ನಾನು ಸುಮ್ಮನಿದ್ದೆ.

"ಹೇಳಬೇ, ಯಾರಿಂವ? ಇಂವಗ ಮಕ್ಕಳಿದ್ವೇನು?"

ಮೂರು ಮಕ್ಕಳು, ತನ್ನ ಮಕ್ಕಳನ್ನೇ ನೋಡಿ ನೋಡಿ ಬರೆದಿಟ್ಟ ಅಂದೆ. "ಅದಕ್ಕ ಗೊತ್ತಾಗೈತಿ ಬಿಡು, ಮಕ್ಕಳಿಲ್ಲದಾಂವ ಇದನ್ನ ಬರಿಯಾಕ ಆಗಂಗಿಲ್ಲ" ಅಂದಳು. ನಗು ಬಂತು ನನಗೆ, ಆ ರಾತ್ರಿ ಮೊದಲ ಸಲ. ಅಷ್ಟೇ ಸಾಕಾಯಿತು ಅವಳಿಗೆ. ಒಂದೊಂದೇ ಪ್ರಶ್ನೆ ಓದುತ್ತಾ ಹೋದಳು. ನಾನು ಉತ್ತರ ಹೇಳಬೇಕು, ಅವಳಿಗೆ ತಿಳಿಯದಿದ್ದರೆ "ಮತ್ತೊಮ್ಮೆ ಹೇಳು" ಅನ್ನುವಳು. ಅವಳಿಗೆ ತಿಳಿಯೋ ಹಾಗೆ ಹೇಳಬೇಕಾದಾಗಲೇ ನನಗೂ ತಿಳಿದದ್ದು ಎಷ್ಟೋ.

ಪಕ್ಕದ ಮಂಚದವರ ಕೂಸು ನಿದ್ದೆ ಮಾಡದೆ ಕಿರಿಕಿರಿ ಮಾಡುತ್ತಿತ್ತು, ಒಂಬತ್ತು ಹತ್ತು ತಿಂಗಳಿರಬೇಕು. ಅಕ್ಕ ಅದನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡಳು. ಎಂಟು ತಿಂಗಳ ಸುಮಾರಿಗೆ ಮಗು ಮುಚ್ಚಿಟ್ಟ ವಸ್ತುವನ್ನು ಹುಡುಕಲು ಶುರು ಮಾಡುತ್ತದೆ, ಕಣ್ಣಿಗೆ ಕಾಣದಿದ್ದರೂ ಅದು ಅಲ್ಲೇ ಇದೆ ಅಂತ ಅದಕ್ಕೆ ಗೊತ್ತಾಗಿರುತ್ತದೆ ಅಂತ ನಾನು ಗಿಣಿಪಾಠ ಒಪ್ಪಿಸುತ್ತಿದ್ದೆ. ಅವಳು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಒಮ್ಮೆ ಅಲ್ಲಾಡಿಸಿ ಸೆರಗಿನ ಕೆಳಗೆ ಇಟ್ಟಳು. ಕೂಸು ಅಳು ನಿಲ್ಲಿಸಿ ಅವಳ ಮುಖ ನೋಡಿತು, ಸೆರಗು ನೋಡಿತು, ಆಮೇಲೆ ಎರಡೂ ಕೈಯಿಂದ ಸೆರಗು ಎಳೆಯಿತು. "ನಿನ್ನ ಪಿಯಾಜೆ ಖರೇ ಹೇಳ್ಯಾನ ನೋಡು" ಅಂದಳು. (ಆ ಪ್ರಶ್ನೆ ಪರೀಕ್ಷೆಗೆ ಬರಲೇ ಇಲ್ಲ ಅನ್ನೋದು ಬೇರೆ ಮಾತು.)

ಐಸಿಡಿಎಸ್, ಅಂದ್ರೆ ಅಂಗನವಾಡಿ ನಡೆಸುವ ಸರ್ಕಾರಿ ಯೋಜನೆಯ ಪಾಠ ಬಂದಾಗ ಪುಸ್ತಕ ನನ್ನ ಕೈಗೆ ಕೊಟ್ಟು ಅವಳೇ ಬೆರಳು ಮಡಚಿದಳು. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ತಿಳಿವಳಿಕೆ, ಮಕ್ಕಳಿಗೆ ಶಾಲೆಗೆ ಮುಂಚಿನ ಕಲಿಕೆ. ಆರೂ ಸರಿ. ದಿನಾ ಮಾಡೋದನ್ನು ಯಾರು ಮರೀತಾರೆ? 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಅಂತ ನಾನು ಓದಿದೆ. "ನಮ್ಮ ಕಡೆ ಯಾವಾಗ ಬಂತು ಅನ್ನೋದು ಬರದಿಲ್ಲೇನು?" ಅಂತ ಕೇಳಿದಳು. ಬರೆದಿರಲಿಲ್ಲ.

ಇಟಲಿಯ ಶಿಕ್ಷಣತಜ್ಞೆ ಮಾಂಟೆಸ್ಸರಿಯ ಪಾಠಕ್ಕೆ ಬಂದಾಗ ನಾನು ಸೋತೆ. 1907ರಲ್ಲಿ ರೋಮ್‌ನ ಬಡವರ ಓಣಿಯಲ್ಲಿ ಮಕ್ಕಳ ಮನೆ ಶುರು ಮಾಡಿದ್ದು, 1939ರಲ್ಲಿ ಮದ್ರಾಸಿಗೆ ಬಂದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದು, ಎಲ್ಲ ಹೇಳಿದೆ. ಅಕ್ಕ ಮಾಮೂಲಿ ಪ್ರಶ್ನೆ ಕೇಳಿದಳು, ಇಕಿಗೆ ಮಕ್ಕಳಿದ್ವೇನು ಅಂತ. ಒಬ್ಬನೇ ಮಗ, ಚಿಕ್ಕವನಿದ್ದಾಗ ತಾಯಿ ಹತ್ತಿರ ಇರಲಿಲ್ಲ, ಹಳ್ಳಿಯಲ್ಲಿ ಬೇರೆಯವರ ಮನೆಯಲ್ಲಿ ಬೆಳೆದ ಅಂತ ಹೇಳುತ್ತಾ ಹೇಳುತ್ತಾ ನನಗೆ ಅಳು ಒತ್ತಿ ಬಂತು. ಊರ ಮಕ್ಕಳಿಗೆಲ್ಲ ತಾಯಿಯಾದವಳು ಸ್ವಂತ ಮಗನನ್ನು ಬಿಟ್ಟಿರಬೇಕಾಯಿತು. ನಾನು ಯಾವ ದೊಡ್ಡ ಮನುಷ್ಯಳೂ ಅಲ್ಲ, ಒಂದು ಪರೀಕ್ಷೆಗಾಗಿ ಇವನನ್ನು ಹೀಗೆ ಬಿಟ್ಟು ಹೋಗಲಾ? ನಾಳೆ ಏನಾದರೂ ಆದರೆ? ಆ "ಏನಾದರೂ" ಅನ್ನೋ ಮಾತನ್ನು ಅಲ್ಲಿಯವರೆಗೆ ಬಾಯಲ್ಲಿ ಆಡಿರಲಿಲ್ಲ. ಅವಳ ಮುಂದೆ ಆಡಿದೆ. ನರ್ಸ್ ಬಂದು ಸದ್ದು ಮಾಡಬೇಡಿ ಅನ್ನುವಷ್ಟು ಅತ್ತೆ.

ಅಕ್ಕ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಆ ಮಗ ಆಮ್ಯಾಲೆ ತಾಯಿ ಕೂಡ ಬಂದ್ನೋ ಇಲ್ಲೋ?"

ಬಂದ ಅಂದೆ. ಕೊನೆಯವರೆಗೂ ತಾಯಿಯ ಜೊತೆ ಕೆಲಸ ಮಾಡಿದ, ಮದ್ರಾಸಿಗೂ ಜೊತೆಗೇ ಬಂದಿದ್ದ.

"ಮತ್ತ್ಯಾಕ ಅಳಾಕತ್ತಿ? ನೀ ಸಂಜಿಗೆ ಬರ್ತಿ. ನಾ ಅದೀನಿ ಇಲ್ಲಿ. ರೊಟ್ಟಿ ತಿನ್ನು."

ತಿಂದೆ. ಆಮೇಲೆ ಅವಳು ಸಲೈನ್ ಬಾಟಲಿ ನೋಡಿಕೊಂಡು ಕೂತಳು, ನಾನು ಚಾಪೆ ಮೇಲೆ ನಿದ್ದೆ ಹೋದೆ. ನಸುಕಿನಲ್ಲಿ ಎಬ್ಬಿಸಿ, ತಲೆ ಬಾಚಿ ಜಡೆ ಹಾಕಿ, ಬ್ಯಾಗಿನಲ್ಲಿ ಎರಡು ಪೆನ್ನು ಇವೆಯಾ ಅಂತ ನೋಡಿ ಕಳಿಸಿದಳು. ಬಸ್ ಮುನಿರಾಬಾದ್ ದಾಟುವಾಗ ಯಜಮಾನರ ಫೋನ್ ಬಂತು, ಮುಟ್ಟಿದೆ, ಜ್ವರ ಇಳಿದಿದೆ, ಅತ್ತಿಗೆ ಇನ್ನೂ ಕೂತೇ ಇದ್ದಾರೆ ಅಂತ.

ಪರೀಕ್ಷೆಯಲ್ಲಿ ಆಟದ ಮೂಲಕ ಕಲಿಕೆ ಬಗ್ಗೆ ಉದಾಹರಣೆ ಸಹಿತ ಬರೆಯಿರಿ ಅಂತ ಬಂದಿತ್ತು. ಪುಸ್ತಕದ ಉದಾಹರಣೆ ಒಂದೂ ಬರೆಯಲಿಲ್ಲ. ಹುಣಸೆ ಬೀಜ, ಶೇಂಗಾ, ಕಡಲೆ ಬೆರೆಸಿ ಮಕ್ಕಳ ಮುಂದೆ ಇಟ್ಟು ಬೇರೆ ಮಾಡಿಸೋದು, ರೊಟ್ಟಿ ಹಿಟ್ಟಿನ ಉಂಡೆ ಕೊಟ್ಟು ಚಿಕ್ಕದು ದೊಡ್ಡದು ಜೋಡಿಸಿಸೋದು, ಎರಡು ಲೋಟಕ್ಕೆ ಮಜ್ಜಿಗೆ ಸಮ ಹಾಕಿ, ಒಂದನ್ನು ಅಗಲದ ಬಟ್ಟಲಿಗೆ ಸುರಿದು "ಯಾವುದರಾಗ ಬಾಳ ಐತಿ?" ಅಂತ ಕೇಳಿ ಜಗಳ ಹಚ್ಚೋದು, ಎಲ್ಲ ಅವಳ ಸೆಂಟರಿನಲ್ಲಿ ನಾನು ಕಣ್ಣಾರೆ ನೋಡಿದ್ದು. ಆ ಮಜ್ಜಿಗೆ ಆಟ ಪಿಯಾಜೆ ಪುಸ್ತಕದಲ್ಲೂ ಇದೆ, ಅವಳಿಗೆ ಮಾತ್ರ ಯಾರೂ ಹೇಳಿಕೊಟ್ಟಿದ್ದಲ್ಲ. ಸರ್ಟಿಫಿಕೇಟ್ ನನಗೆ ಬಂತು. ಅವಳ ಸಂಬಳ ಎಷ್ಟು ಅಂತ ಇಲ್ಲಿ ಬರೆಯಲು ನನಗೇ ನಾಚಿಕೆ.

ಪ್ರಾಕ್ಟಿಕಲ್‌ಗೆ ಬಣ್ಣದ ಹಣ್ಣು, ಗಿಳಿ, ಆನೆ ಕೊಟ್ಟ ಕಿನ್ನಾಳದ ಚಿತ್ರಗಾರರ ಮನೆಯವರನ್ನು ಮರೆಯುವ ಹಾಗಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗಿ ರೇಟು ಇಳಿಸಿದ್ದೂ ಅಕ್ಕನೇ.

ನನ್ನ ನೋಟ್ಸ್ ಬೇಕು ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. ಅವು ಸದ್ಯ ಅಕ್ಕನ ಹತ್ತಿರ ಇವೆ. ಸಂಜೆ ಕೆಲಸ ಮುಗಿಸಿ ಓದುತ್ತಾಳೆ, ಪೆನ್ಸಿಲ್‌ನಲ್ಲಿ ಗುರುತು ಬೇರೆ ಹಾಕುತ್ತಾಳೆ. ಎರಡು ವರ್ಷದ ಮಕ್ಕಳು ಒಟ್ಟಿಗೆ ಆಡಲ್ಲ, ಪಕ್ಕ ಪಕ್ಕ ಕೂತು ತಮ್ಮ ಪಾಡಿಗೆ ಆಡುತ್ತವೆ ಅಂತ ನಾನು ಬರೆದುಕೊಂಡಿದ್ದು ಪೂರ್ತಿ ಖರೇ ಅಲ್ಲವಂತೆ, ಒಂದು ದಿನ ಸೆಂಟರಿಗೆ ಬಂದು ನೋಡು ಅಂದಿದ್ದಾಳೆ. ಅವಳು ತಿದ್ದಿ ಕೊಟ್ಟ ಮೇಲೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಅವಸರ ಮಾಡಬೇಡಿ.