ನಮ್ಮ ಶಾಲೆಗೊಬ್ಬ ಪಿ.ಇ. ಮೇಷ್ಟ್ರನ್ನು ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಸರ್, ನಾನು ಮೈಸೂರು ಸೀಮೆಯ ಒಂದು ಸಣ್ಣ ಊರಿನವಳು. ತೊಂಬತ್ತರ ದಶಕದಲ್ಲಿ ನಮ್ಮೂರ ಹೈಸ್ಕೂಲಿನ ಖೋ ಖೋ ತಂಡದಲ್ಲಿ ಆಡಿದವಳು. ಈಗ ನನ್ನ ಮಗಳು ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಮೂರು ವರ್ಷದಿಂದ ಆ ಶಾಲೆಯಲ್ಲಿ ಪಿ.ಇ. ಮೇಷ್ಟ್ರಿಲ್ಲ, ಅಂದರೆ ಆಟ ಕಲಿಸುವ ದೈಹಿಕ ಶಿಕ್ಷಣದ ಮೇಷ್ಟ್ರಿಲ್ಲ. ಅದಕ್ಕೇ ಈ ಪತ್ರ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಅದರ ಫೈನಲ್ ದಿನ ನಮ್ಮ ಮನೆ ಟಿವಿ ಮುಂದೆ ಕೂರೋಕೆ ಜಾಗ ಇರಲಿಲ್ಲ. ಯಾಕೆಂದರೆ ಭಾರತದ ಮಹಿಳಾ ತಂಡದಲ್ಲಿ ನಮ್ಮ ಪಕ್ಕದ ಹುಡುಗಿ ಇದ್ದಳು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ನೇಪಾಳದ ಮೇಲೆ 78–40ರಲ್ಲಿ ಗೆದ್ದ ಆ ಪಂದ್ಯದಲ್ಲಿ ಅವಳಿದ್ದ ಬ್ಯಾಚು, ಅಂದರೆ ಓಡಿ ತಪ್ಪಿಸಿಕೊಳ್ಳುವ ಮೂವರ ಗುಂಪು, ಐದು ನಿಮಿಷಕ್ಕೂ ಜಾಸ್ತಿ ಹೊತ್ತು ಪೂರ್ತಿ ಔಟಾಗದೆ ಅಂಕಣದಲ್ಲಿ ಉಳಿಯಿತು. ಖೋ ಖೋ ಆಡಿದವರಿಗೆ ಮಾತ್ರ ಗೊತ್ತು, ಅಂಕಣದಲ್ಲಿ ಐದು ನಿಮಿಷ ಅಂದರೆ ಎಷ್ಟು ಉದ್ದ ಅಂತ. ನನಗಂತೂ ಕಣ್ಣಲ್ಲಿ ನೀರು.

ಆಮೇಲೆ ಬಹುಮಾನದ ಮಾತು ಬಂತು. ನಮ್ಮ ಸರ್ಕಾರ ಗೆದ್ದ ತಂಡದ ನಮ್ಮ ರಾಜ್ಯದ ಆಟಗಾರರಿಗೆ ತಲಾ 5 ಲಕ್ಷ ಅಂದಿತು, ಮಹಾರಾಷ್ಟ್ರದವರು ತಮ್ಮ ಆಟಗಾರರಿಗೆ ತಲಾ 2.25 ಕೋಟಿ ಕೊಟ್ಟರು. ನಮ್ಮ ಆಟಗಾರರು ಇದು ಬೇಡ ಅಂತ ನೇರವಾಗಿ ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಕಾಡಿದ ಪ್ರಶ್ನೆ ಬೇರೆ. ಕುರುಬೂರಿನಂಥ ಒಂದು ಹಳ್ಳಿಯಿಂದ ಅಷ್ಟು ಮಕ್ಕಳು ಖೋ ಖೋದಲ್ಲಿ ಮೇಲೆ ಬರುತ್ತಾರೆ, ಅಂಥದ್ದೇ ಮಣ್ಣು, ಅದೇ ಮುದ್ದೆ ಊಟದ ಅಕ್ಕಪಕ್ಕದ ಊರುಗಳಿಂದ ಯಾಕೆ ಬರಲ್ಲ?

ಜನ ಸುಲಭವಾಗಿ ಹೇಳಿಬಿಡ್ತಾರೆ, ಅದು ಆ ಊರಿನ ಮಣ್ಣಿನ ಗುಣ ಅಂತ. ಕೊಡಗಿನ ಹಾಕಿ ಬಗ್ಗೆಯೂ ಹೀಗೇ, ಅವರ ರಕ್ತದಲ್ಲೇ ಇದೆ ಅಂತಾರೆ. ನಾನು ಒಪ್ಪಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಪ್ರತಿ ಬೇಸಿಗೆಯೂ ಅಜ್ಜ, ಅಪ್ಪ, ಅತ್ತಿಗೆ ಎಲ್ಲರೂ ಒಂದೇ ಮೈದಾನದಲ್ಲಿ ಸ್ಟಿಕ್ ಹಿಡಿಯೋದನ್ನು ನೋಡುತ್ತಾ ಬೆಳೆದ ಮಗುವಿಗೆ ಹಾಕಿ ಹೇಗೆ ಬರಲ್ಲ ಹೇಳಿ? ಇನ್ನು ಸೋಮವಾರಪೇಟೆಯ ಎಸ್.ವಿ. ಸುನಿಲ್ ಯಾವ ಕೊಡವ ಮನೆತನದವರೂ ಅಲ್ಲ. ಬಡಗಿ ಕೆಲಸ ಮಾಡುತ್ತಿದ್ದವರ ಮಗ. ದೇಶಕ್ಕಾಗಿ 250ಕ್ಕೂ ಜಾಸ್ತಿ ಪಂದ್ಯ ಆಡಿದರು. ಆಟ ಊರಲ್ಲಿತ್ತು, ಹುಡುಗನ ಕೈಗೆ ಬಂತು. ರಕ್ತದ ಮಾತು ಎಲ್ಲಿಂದ ಬಂತು?

ಕೊಡಗಿನಲ್ಲಿ ಆ ಕೆಲಸವನ್ನು ಊರಿಗೆ ಊರೇ ಮಾಡುತ್ತೆ. ನಮ್ಮಂಥ ಊರಲ್ಲಿ ಒಬ್ಬ ಮೇಷ್ಟ್ರು ಮಾಡಬೇಕು.

ನಮ್ಮ ಮೇಷ್ಟ್ರು ನಮ್ಮ ಶಾಲೆಗೆ ಬಂದಾಗ ಅಲ್ಲಿ ಎರಡು ಕಂಬ ಬಿಟ್ಟರೆ ಏನೂ ಇರಲಿಲ್ಲ. ಖೋ ಖೋಗೆ ಇನ್ನೇನು ಬೇಕು ಹೇಳಿ, ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಕಲ್ಲಿಲ್ಲದ ನೆಲ. ಅದರಲ್ಲೇ ಅವರು ಶುರು ಮಾಡಿದರು. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿ ಡೈವ್ ಹೊಡೆದರೆ ಮೊಣಕೈ ಚರ್ಮವೇ ಹೋಗುತ್ತಿತ್ತು. ಅದಕ್ಕೆ ಹಿಂದಿನ ಸಂಜೆಯೇ ಬೋರ್‌ವೆಲ್‌ನಿಂದ ಬಿಂದಿಗೆಯಲ್ಲಿ ನೀರು ತಂದು ಕಂಬದ ಸುತ್ತ ಹುಯ್ಯುತ್ತಿದ್ದೆವು, ಮೇಷ್ಟ್ರೂ ಪಂಚೆ ಎತ್ತಿಕಟ್ಟಿ ನಮ್ಮ ಜೊತೆ. ಬೆಳಗ್ಗೆ ಐದೂವರೆಗೆ ಬಂದರೆ ಮಣ್ಣು ಹದವಾಗಿರುತ್ತಿತ್ತು. ಚೌಕದಲ್ಲಿ ಕೂತ ನಮ್ಮ ಹಿಮ್ಮಡಿ ಎಷ್ಟು ಮೇಲೆದ್ದಿದೆ ಅಂತ ಅವರು ಬಗ್ಗಿ ಬೆರಳು ತೂರಿಸಿ ನೋಡುತ್ತಿದ್ದರು. ಜಾಸ್ತಿ ಎದ್ದಿದ್ದರೆ ಖೋ ಸಿಗುವ ಮೊದಲೇ ಎದ್ದು ಫೌಲ್ ಆಗುತ್ತೀಯ, ನೆಲಕ್ಕೆ ಅಂಟಿದ್ದರೆ ತಡವಾಗುತ್ತೀಯ. "ತಿರುಗಿ ನೋಡಬೇಡ, ಕಿವಿ ಕೊಡು" ಅನ್ನುತ್ತಿದ್ದರು. ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅದರಲ್ಲಿ ನಮ್ಮ ಹೆಸರು ಮಾತ್ರ ಅಲ್ಲ, ಪಕ್ಕದ ಪ್ರೈಮರಿ ಶಾಲೆಯ ಐದನೇ ಕ್ಲಾಸು, ಆರನೇ ಕ್ಲಾಸಿನ ಮಕ್ಕಳ ಹೆಸರೂ ಇರುತ್ತಿತ್ತು. ಯಾರು ಓಡುವಾಗ ಚುರುಕಾಗಿ ತಿರುಗುತ್ತಾಳೆ, ಯಾರ ಅಕ್ಕ ಮೊದಲೇ ಆಡಿದ್ದಾಳೆ, ಎಲ್ಲ. ನಾವು ಹತ್ತನೇ ಕ್ಲಾಸಿಗೆ ಬಂದಾಗ ಒಬ್ಬೊಬ್ಬರಿಗೂ ಎಂಟನೇ ಕ್ಲಾಸಿನ ಒಂದೊಂದು ಹುಡುಗಿಯನ್ನು ಒಪ್ಪಿಸಿದರು. ನಾವು ಹೋಗುವಷ್ಟರಲ್ಲಿ ನಮ್ಮ ಜಾಗಕ್ಕೆ ಅವರು ತಯಾರಿದ್ದರು. ವರ್ಷಾ ವರ್ಷ ತಾಲ್ಲೂಕು ಗೆದ್ದು ಜಿಲ್ಲೆಗೆ, ಒಮ್ಮೊಮ್ಮೆ ವಿಭಾಗ ಮಟ್ಟಕ್ಕೆ ಹೋಗುತ್ತಿದ್ದುದರ ಗುಟ್ಟು ಇಷ್ಟೇ ಸರ್.

ಇನ್ನೊಂದು ಮಾತನ್ನು ಇಲಾಖೆಯ ಯಾವ ಫಾರಂನಲ್ಲೂ ತುಂಬೋಕೆ ಆಗಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಎರಡು ದಿನ ಪರವೂರಿಗೆ ಕಳಿಸೋದು ಇವತ್ತಿಗೂ ಸುಲಭ ಅಲ್ಲ. ನನ್ನ ದೊಡ್ಡಕ್ಕನನ್ನು ಅಪ್ಪ ಕಳಿಸಲೇ ಇಲ್ಲ. ಮೇಷ್ಟ್ರು ಮೂರು ಸಲ ಮನೆಗೆ ಬಂದರು, ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋದರು. ಕೆಲಸ ಆಗಲಿಲ್ಲ. ಎರಡನೆಯ ಅಕ್ಕನ ಸರದಿಗೆ ತಮ್ಮ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದರು. ಅಪ್ಪ ಗೊಣಗಿಕೊಂಡೇ ಒಪ್ಪಿದ. ಅವಳು ಸರ್ಟಿಫಿಕೇಟ್ ಹಿಡಿದು ಸಂಜೆ ಬಸ್ಸಿಗೆ ಸುರಕ್ಷಿತವಾಗಿ ವಾಪಸ್ ಬಂದಳು. ನನ್ನ ಸರದಿ ಬಂದಾಗ ಅಪ್ಪ ಏನೂ ಕೇಳಲಿಲ್ಲ. "ಮೇಷ್ಟ್ರು ಇದ್ದಾರಲ್ಲ, ಹೋಗ್ಲಿ ಬಿಡು" ಅಂದ, ಅಷ್ಟೆ. ಆ ಒಂದು ಮಾತು ಅಪ್ಪನ ಬಾಯಲ್ಲಿ ಬರೋಕೆ ಏಳು ವರ್ಷ ಹಿಡಿಯಿತು. ಎರಡು ವರ್ಷಕ್ಕೊಬ್ಬ ಮೇಷ್ಟ್ರು ಬದಲಾಗುವ ಶಾಲೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬರಲ್ಲ.

ನಮ್ಮ ಮೇಷ್ಟ್ರು ರಿಟೈರ್ ಆದ ಮೇಲೆ ಇನ್ನೊಬ್ಬರು ಬಂದರು. ಒಳ್ಳೆಯವರು. ಆಟವನ್ನು ಅವರೂ ಕೈಬಿಡಲಿಲ್ಲ. ಮೂರು ವರ್ಷದ ಹಿಂದೆ ತಾಯಿಗೆ ಹುಷಾರಿಲ್ಲ ಅಂತ ತಮ್ಮೂರ ಕಡೆ ವರ್ಗಾವಣೆ ತಗೊಂಡರು. ಅವರ ತಪ್ಪೇನೂ ಇಲ್ಲ. ಆದರೆ ಆ ಜಾಗಕ್ಕೆ ಯಾರೂ ಬರಲಿಲ್ಲ. ವಿಚಾರಿಸಿದರೆ ಮಕ್ಕಳ ಸಂಖ್ಯೆ ಕಡಿಮೆ ಇದೆ, ನೋಡೋಣ ಅಂದರು. ಗಣಿತಕ್ಕೆ ಅತಿಥಿ ಶಿಕ್ಷಕರು ಬಂದರು, ಆಟಕ್ಕೆ ಬರಲಿಲ್ಲ. ಈಗ ಆಟದ ಪಿರಿಯಡ್‌ನಲ್ಲಿ ಪೋರ್ಷನ್ ಮುಗಿಸುತ್ತಾರೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಗ್ಗೆ ಮೇಲಿನಿಂದ ಅಷ್ಟು ಒತ್ತಡ ಇರುವಾಗ ಹೆಡ್‌ಮಾಸ್ಟರ್ ಆದರೂ ಏನು ಮಾಡುತ್ತಾರೆ? ಮೊನ್ನೆ ಶಾಲೆಗೆ ಹೋಗಿದ್ದೆ. ಆ ಎರಡು ಕಂಬಗಳು ಅಡುಗೆ ಕೋಣೆಯ ಹಿಂದೆ ಸೌದೆ ಜೊತೆ ಬಿದ್ದಿವೆ. ಒಂದನ್ನು ಎತ್ತಿ ನೋಡಿದೆ. ತುದಿ ಇನ್ನೂ ನುಣುಪಾಗಿದೆ, ಅಷ್ಟು ವರ್ಷ ನಮ್ಮೆಲ್ಲರ ಅಂಗೈ ಉಜ್ಜಿದ ನುಣುಪು.

ಕ್ರೀಡಾ ವಸತಿ ಶಾಲೆಗಳು ಇವೆಯಲ್ಲ ಅಂತ ನೀವು ಹೇಳಬಹುದು. ಇವೆ. ಕೊಡಗಿನ ಕೂಡಿಗೆಯಲ್ಲಿದೆ, ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿದೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯವರು ಬೇರೆ ಬೇರೆ ಜಿಲ್ಲೆಯ ಪ್ರತಿಭೆಗಳನ್ನು ಹುಡುಕಿ ಕರೆತಂದು ಉಚಿತವಾಗಿ ಓದಿಸುತ್ತಾರೆ, ದೊಡ್ಡ ಕೆಲಸ. ಆದರೆ ಅವರು ಹುಡುಕಿಕೊಂಡು ಬಂದಾಗ ಮಗು ಎಲ್ಲಾದರೂ ಆಡುತ್ತಾ ಇರಬೇಕಲ್ವಾ ಸರ್? ಹೋಬಳಿ ಮಟ್ಟದ ಪಂದ್ಯಕ್ಕೇ ತಂಡ ಕಳಿಸದ ಶಾಲೆಯ ಹುಡುಗಿ ಯಾರ ಕಣ್ಣಿಗೆ ಬೀಳುತ್ತಾಳೆ?

ನಾನು ಕೇಳೋದು ಕೋಟಿಗಟ್ಟಲೆ ದುಡ್ಡಲ್ಲ, ಸ್ಟೇಡಿಯಂ ಅಲ್ಲ. ತಂಡ ಕಟ್ಟಿರುವ ಶಾಲೆಯಿಂದ ಪಿ.ಇ. ಮೇಷ್ಟ್ರು ಹೊರಡುವುದಾದರೆ, ಬರುವವರು ಬಂದ ಮೇಲೆ ಅವರನ್ನು ಬಿಡುಗಡೆ ಮಾಡಿ. ಒಂದು ತಿಂಗಳಾದರೂ ಇಬ್ಬರೂ ಜೊತೆಗಿರಲಿ, ನೋಟ್‌ಬುಕ್ ಕೈ ಬದಲಾಗಲಿ, ಹೊಸಬರು ಹಳಬರ ಜೊತೆ ನಾಲ್ಕು ಮನೆ ಜಗಲಿ ಮೇಲೆ ಕೂತು ಬರಲಿ. ಕಾಯಂ ನೇಮಕಾತಿ ತಡವಾಗುತ್ತೆ ಅನ್ನುವುದಾದರೆ ಆಟಕ್ಕೂ ಅತಿಥಿ ಶಿಕ್ಷಕರನ್ನು ಕೊಡಿ. ಬಿ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿಕೊಂಡು ಕೆಲಸವಿಲ್ಲದೆ ಊರಲ್ಲಿ ಗೊಬ್ಬರದ ಅಂಗಡಿ, ಮೊಬೈಲ್ ಅಂಗಡಿಯಲ್ಲಿ ಕೂತ ಹುಡುಗರನ್ನು ನಾನೇ ನೋಡಿದ್ದೇನೆ. ಮತ್ತೆ ಇನ್ನೊಂದು, ಹೊಸ ಕೊಠಡಿ ಮಂಜೂರಾದಾಗ ಅದನ್ನು ಆಟದ ಅಂಗಳದ ಮಧ್ಯಕ್ಕೆ ತಂದು ಕಟ್ಟಬೇಡಿ ಅಂತ ಒಂದು ಸುತ್ತೋಲೆ ಹೊರಡಿಸಿ. ದಯವಿಟ್ಟು.

ಹೋದ ಭಾನುವಾರ ನಾವು ನಾಲ್ಕು ಜನ ಹಳೇ ಆಟಗಾರ್ತಿಯರು ಸೇರಿ ಆ ಕಂಬಗಳನ್ನು ತೊಳೆದು ಮತ್ತೆ ನೆಟ್ಟೆವು. ಒಬ್ಬಳು ಈಗ ಅಂಗನವಾಡಿ ಟೀಚರ್, ಇಬ್ಬರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಭಾನುವಾರ ಮಾತ್ರ ನಮಗೆ ಬಿಡುವು. ಹದಿನಾಲ್ಕು ಹುಡುಗಿಯರು ಬಂದಿದ್ದರು, ಅದರಲ್ಲಿ ನನ್ನ ಮಗಳೂ ಒಬ್ಬಳು. ಉಳಿದ ಆರು ದಿನಕ್ಕೆ ನೀವು ಒಬ್ಬರನ್ನು ಕಳಿಸಿಕೊಡಿ ಸರ್.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಹಳೇ ಖೋ ಖೋ ಆಟಗಾರ್ತಿ